ಶುಕ್ರವಾರದ ಗೀರುಗಳು

೧೯೬೧ನೆಯ ಇಸವಿ. ಮದರಾಸಿನ ರಾಯಪುರಂನಲ್ಲಿ, ಬಂದರಿನ ಗೋಡೆಗೆ ಅಷ್ಟು ದೂರವಲ್ಲದ ಒಂದು ಮೋಟಾರು ವರ್ಕ್‌ಶಾಪಿನಲ್ಲಿ ನಾನು ಸರ್ವಿಸ್ ಸೂಪರ್‌ವೈಸರ್ ಆಗಿದ್ದೆ. ಆ ಸೋಮವಾರ ಬೆಳಗ್ಗೆ ಶೆಡ್ಡಿನ ಬಾಗಿಲಲ್ಲಿ ನಾವು ನಾಲ್ಕು ಜನ ನಿಂತಿದ್ದೆವು. ನಾನು, ನಮ್ಮ ಮ್ಯಾನೇಜರ್ ನಾಯ್ಡು, ಪಾಲಿಶ್ ಕೆಲಸದ ಖಾದರ್ ಭಾಯ್, ಮತ್ತೆ ತಿರುವೊಟ್ಟಿಯೂರಿನ ಷಣ್ಮುಗಂ, ತನ್ನ ವ್ಯಾನಿಗೆ ತಾನೇ ಮಾಲೀಕ, ತಾನೇ ಡ್ರೈವರು. ಐದನೆಯದಾಗಿ ಆ ವ್ಯಾನನ್ನೂ ಲೆಕ್ಕಕ್ಕೆ ಹಿಡಿಯಬಹುದು. ಮುಂದಿನ ಮೂರು ವಾರ ನನ್ನ ಪಿತ್ತ ಕೆರಳಿಸಿದ್ದು ಮನುಷ್ಯರಿಗಿಂತ ಹೆಚ್ಚಾಗಿ ಅದೇ.

ವ್ಯಾನು ಹಳೆಯ ವಿಲಾಯತಿ ಮಾಲು. ಅದರ ಮುಂಗಾಜು ಒಂದೇ ತುಂಡಲ್ಲ. ನಡುವೆ ಕಬ್ಬಿಣದ ಪಟ್ಟಿ, ಎಡಕ್ಕೊಂದು ಬಲಕ್ಕೊಂದು ಚಪ್ಪಟೆ ಗಾಜು. ಹಿಂದಿನ ವರ್ಷ ಲಾರಿಯ ಚಕ್ರದಿಂದ ಸಿಡಿದ ಕಲ್ಲೊಂದು ಬಡಿದು ಒಂದು ಗಾಜು ಪುಡಿಯಾಗಿತ್ತು, ಇನ್ನೊಂದು ಬಿರುಕು ಬಿಟ್ಟಿತ್ತು. ಆ ಕಾಲದಲ್ಲಿ ಇಂಥ ಗಾಡಿಗೆ ಗಾಜು ಬೇಕೆಂದರೆ ಆಮದು ಲೈಸೆನ್ಸು ಬೇಕು, ಲೈಸೆನ್ಸಿಗೆ ಅರ್ಜಿ ಬೇಕು, ಅರ್ಜಿಗೆ ಆಯುಸ್ಸು ಬೇಕು. ಷಣ್ಮುಗಂ ಯುದ್ಧಕಾಲದ ಹಳೆ ಸಾಮಾನು ಮಾರುವವರ ಹತ್ತಿರ ಅಕ್ರಿಲಿಕ್ ಹಾಳೆ ಕೊಂಡು, ಎರಡೂ ಕಡೆಗೆ ಕತ್ತರಿಸಿ ಕೂರಿಸಿಕೊಂಡಿದ್ದ. ಅಕ್ರಿಲಿಕ್ ಅಂದರೆ ಗಾಜಿನಂತೆ ಪಾರದರ್ಶಕವಾದ ಪ್ಲಾಸ್ಟಿಕ್. ನಾವೆಲ್ಲ ಅದನ್ನು ಪ್ಲಾಸ್ಟಿಕ್ ಗಾಜು ಎನ್ನುತ್ತಿದ್ದೆವು. ಒಡೆಯುವುದು ಕಡಿಮೆ, ಆದರೆ ಚರ್ಮ ಬಹಳ ಮೆದು. ಉಗುರು ಕೂಡ ಗುರುತು ಬಿಟ್ಟೀತು.

ಗಾಜು ಸಿಗುವ ತನಕ ಇದು ನಡೆಯಲಿ, ಆದರೆ ಡ್ರೈವರಿಗೆ ರಸ್ತೆ ನಿಚ್ಚಳವಾಗಿ ಕಾಣಬೇಕು ಎಂದು ಮೋಟಾರು ವಾಹನ ಇನ್‌ಸ್ಪೆಕ್ಟರು ಹಿಂದಿನ ಸಲ ಒಪ್ಪಿದ್ದರು. ಈಗ ಎಫ್.ಸಿ., ಅಂದರೆ ಗಾಡಿ ರಸ್ತೆಗೆ ಯೋಗ್ಯ ಎಂಬ ಸರ್ಟಿಫಿಕೇಟು, ಮುಗಿಯಲು ಮೂರು ವಾರವೂ ಇರಲಿಲ್ಲ. ಬಲಗಡೆಯ ಹಾಳೆ, ಡ್ರೈವರ ಮುಂದಿನದು, ಹಾಲು ಚೆಲ್ಲಿ ಒಣಗಿದಂತೆ ಮಬ್ಬಾಗಿತ್ತು. ಷಣ್ಮುಗಂ ಆ ವ್ಯಾನಿನಲ್ಲಿ ಇಪ್ಪತ್ತೆರಡು ಮಕ್ಕಳನ್ನು ಶಾಲೆಗೆ ಕರೆದೊಯ್ಯುತ್ತಿದ್ದ. ಎಫ್.ಸಿ. ಒಂದು ದಿನ ತಪ್ಪಿದರೂ ಹೆಡ್‌ಮಿಸ್ಟ್ರೆಸ್ಸು ಬೇರೆ ವ್ಯಾನಿನವನಿಗೆ ಕೆಲಸ ಕೊಡುವುದಾಗಿ ಹೇಳಿಬಿಟ್ಟಿದ್ದರು.

"ರಾಯರೇ, ಸಾಯಂಕಾಲ ಎದುರು ಬಿಸಿಲು ಬಿತ್ತು ಅಂದ್ರೆ ನನಗೆ ಏನೂ ಕಾಣಲ್ಲ. ಹಿಂದೆ ಮಕ್ಕಳು ಕಿರುಚ್ತಾ ಇರ್ತವೆ. ನನಗೆ ಎದೆ ನಡುಗುತ್ತೆ," ಅಂದ ಷಣ್ಮುಗಂ.

ನಮ್ಮ ಮಾತೆಲ್ಲ ತಮಿಳಲ್ಲೇ ನಡೆದದ್ದು. ಇಲ್ಲಿ ಕನ್ನಡಕ್ಕೆ ಇಳಿಸಿದ್ದೇನೆ. ಮದರಾಸಿನಲ್ಲಿ ನಮ್ಮಂಥ ಕನ್ನಡದ ಮಾಧ್ವರನ್ನು ಎಲ್ಲರೂ ರಾಯರು ಎಂದೇ ಕರೆಯುವುದು. ಹೆಸರು ಯಾರಿಗೂ ಬೇಕಾಗುತ್ತಿರಲಿಲ್ಲ. ನನ್ನ ಕೆನ್ನೆ, ಹಣೆಯ ಮೇಲಿನ ಗೋಪಿಚಂದನದ ಮುದ್ರೆಗಳೇ ನನ್ನ ವಿಳಾಸ.

ಪ್ಲಾಸ್ಟಿಕ್‌ಗೆ ಹೊಳಪು ತರುವ ಕೆಲಸ ಬಣ್ಣದ ಕೆಲಸಕ್ಕಿಂತ ನಾಜೂಕು. ಪೆಟ್ರೋಲು, ಥಿನ್ನರು ಮುಟ್ಟಿಸುವಂತಿಲ್ಲ, ಮುಟ್ಟಿಸಿದರೆ ಒಳಗೆಲ್ಲ ಕೂದಲೆಳೆಯ ಬಿರುಕು. ತಿರುಗುವ ಬಫಿಂಗ್ ಚಕ್ರಕ್ಕೆ ಒತ್ತಿ ಹಿಡಿದರೆ ಬಿಸಿಗೆ ಮೈ ಕರಗುತ್ತದೆ. ಕೈಯಲ್ಲೇ ಮಾಡಬೇಕು. ಸೋಪಿನ ನೀರು ಬಿಟ್ಟುಕೊಂಡು ನಾನೂರನೇ ನಂಬರಿನ ವಾಟರ್ ಪೇಪರು ಎಂಬ ಉಪ್ಪುಕಾಗದದಲ್ಲಿ ಹಗುರಾಗಿ ಉಜ್ಜು, ಆಮೇಲೆ ಇನ್ನೂ ನಯವಾದ ಆರುನೂರನೇ ನಂಬರಿನಲ್ಲಿ, ಕೊನೆಗೆ ಪಾಲಿಶು ಹಚ್ಚಿ ಫ್ಲಾನೆಲ್ ಬಟ್ಟೆಯಲ್ಲಿ ತಿಕ್ಕುತ್ತ ಹೋಗು. ಮೊದಲು ಇನ್ನೂ ಮಬ್ಬಾಗುತ್ತದೆ. ಮಾಲೀಕನ ಮುಖವೂ ಅದರ ಜೊತೆಗೇ ಮಬ್ಬಾಗುತ್ತದೆ. ಆಮೇಲೆ ನಿಧಾನವಾಗಿ ಬೆಳಕು ಬರುತ್ತದೆ.

"ಪೂರ್ತಿ ಹಾಳೆ ಮಾಡಬೇಕು ಸಾಮಿ. ಬರೀ ಕೆಟ್ಟಿರೋ ಜಾಗ ಉಜ್ಜಬಾರದು," ಅಂದರು ಖಾದರ್ ಭಾಯ್.

"ಪೂರ್ತಿ ಮಾಡೋಕೆ ಎರಡು ದಿನ ಬೇಕು. ಮಕ್ಕಳ ಗಾಡಿ. ಕೆಟ್ಟಿರೋದು ಕಣ್ಣೆದುರಿನ ಜಾಗ, ಅಷ್ಟು ಮಾಡಿ," ಅಂದೆ ನಾನು.

ಖಾದರ್ ಭಾಯ್ ಒಂದು ಸಲ ನನ್ನ ಮುಖ ನೋಡಿದರು, ಬಕೀಟಿಗೆ ನೀರು ತರಲು ಹೋದರು. ಅವರು ವಾದ ಮಾಡುವವರಲ್ಲ. ಮಾಡಿದ್ದರೆ ಚೆನ್ನಾಗಿತ್ತು.

ಸಾಯಂಕಾಲಕ್ಕೆ ಹಾಳೆ ಬಾವಿಯ ನೀರಿನಂತೆ ತಿಳಿಯಾಯಿತು. ಷಣ್ಮುಗಂ ಒಳಗೆ ಕೂತು ಹೊರಗೆ ನೋಡಿ, ಕೈ ಮುಗಿದು ಹೋದ. ನಾನು ಜಾಬ್ ಕಾರ್ಡಿನ ಮೇಲೆ ಕೆಲಸ ಮುಗಿಯಿತು ಎಂದು ಬರೆದು ಸಹಿ ಹಾಕಿದೆ.

ಶನಿವಾರ ವ್ಯಾನು ಮತ್ತೆ ಬಾಗಿಲಲ್ಲಿತ್ತು. ಅದೇ ಮಬ್ಬು, ಅದೇ ಜಾಗ.

ನಾಯ್ಡು ಕೋಣೆಯಿಂದ ಹೊರಗೆ ಬಂದು, ಸೊಂಟದ ಮೇಲೆ ಕೈ ಇಟ್ಟು, "ಏನ್ರೀ ರಾವ್, ನಿಮ್ಮ ಪಾಲಿಶು ಐದು ದಿನದ ಮದುವೆ ಥರ! ಐದನೇ ದಿನ ಚಪ್ಪರ ಬಿಚ್ಚಿ ಬಿಡ್ತೀರ?" ಅಂದರು. ಫಿಟ್ಟರುಗಳೆಲ್ಲ ನಕ್ಕರು. ನಾನು ನಗಲಿಲ್ಲ.

ಪಾಲಿಶು ಕಳಪೆಯೆಂದು ಆ ಡಬ್ಬಿಯನ್ನು ಪಕ್ಕಕ್ಕಿಟ್ಟು ಬೇರೆ ಡಬ್ಬಿ ಒಡೆಸಿದೆ. ನಮ್ಮ ಬಾವಿಯ ನೀರು ಉಪ್ಪೆಂದು ಕಾರ್ಪೊರೇಷನ್ ಕೊಳಾಯಿಯಿಂದ ನೀರು ಹೊರಿಸಿದೆ. ವೈಪರಿನ ರಬ್ಬರಿನಲ್ಲಿ ಮರಳು ಸಿಕ್ಕಿರಬೇಕೆಂದು ವೈಪರು ಬಿಚ್ಚಿ ತೊಳೆದು ಹಾಕಿದೆ. ಖಾದರ್ ಭಾಯ್ ಅದೇ ಜಾಗವನ್ನು ಎರಡನೇ ಸಲ ಉಜ್ಜಿ ಬೆಳಕು ತಂದರು. "ತಿರುವೊಟ್ಟಿಯೂರಿನ ಕಡಲ ಗಾಳಿ ಮರಳು ತೂರುತ್ತೆ. ಗಾಡಿಗೆ ಗೋಣಿ ಹೊದಿಸಿ ನಿಲ್ಲಿಸು. ನೀರು ಹಾಕದೆ ಒಣ ಬಟ್ಟೆ ಮುಟ್ಟಿಸಬೇಡ," ಎಂದು ಷಣ್ಮುಗನಿಗೆ ಪಾಠ ಹೇಳಿದೆ. ಅವನು ಎಲ್ಲದಕ್ಕೂ ತಲೆಯಾಡಿಸಿದ.

ಮುಂದಿನ ಶನಿವಾರ ಅವನು ಹಾರ್ನು ಕೂಡ ಹೊಡೆಯಲಿಲ್ಲ. ವ್ಯಾನು ತಂದು ನಿಲ್ಲಿಸಿ, ಇಳಿಯದೆ ಒಳಗೇ ತಲೆ ತಗ್ಗಿಸಿ ಕೂತಿದ್ದ. ನಾನು ನೋಡಬೇಕಾದ್ದೇನೂ ಇರಲಿಲ್ಲ. ಆದರೂ ನೋಡಿದೆ.

"ಗೋಣಿ ಹೊದಿಸಿದ್ಯಾ?"

"ಹೊದಿಸಿದೆ ರಾಯರೇ."

"ಒಣ ಬಟ್ಟೆ ಮುಟ್ಟಿಸಿದ್ಯಾ?"

"ನಾನು ಮುಟ್ಟಿಸಿಲ್ಲ ರಾಯರೇ. ನಮ್ಮಮ್ಮನಾಣೆ."

ಆಗ ಬೆಳಗಿನ ಓರೆ ಬಿಸಿಲು ಹಾಳೆಯ ಮೇಲೆ ಬಿದ್ದಿತ್ತು. ಆ ಬೆಳಕಿನಲ್ಲಿ ಮೊದಲ ಸಲ ಸರಿಯಾಗಿ ಕಂಡಿತು: ಅದು ಬರೀ ಮಬ್ಬಲ್ಲ, ಗೀರು. ಎಲ್ಲ ಗೀರೂ ಅಡ್ಡಕ್ಕೆ, ಒಂದರ ಕೆಳಗೊಂದು ಮೂರು ಪಟ್ಟಿ. ಗಾಳಿಯ ಮರಳು ಹೀಗೆ ಗೆರೆ ಎಳೆಯುವುದಿಲ್ಲ. ಅದೂ ಅಲ್ಲದೆ, ಪಕ್ಕದ ಎಡಗಡೆಯ ಹಾಳೆ ಅದೇ ಗಾಳಿ ಕುಡಿದು ಆರೋಗ್ಯವಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂದು ನಮ್ಮ ಸೋದರತ್ತೆ ಹೇಳುತ್ತಿದ್ದರು. ಎರಡು ವಾರ ನಾನು ಮಾಡಿದ್ದು ಅದೇ ವೈದ್ಯ. ಎರಡು ಸಲವೂ ಗಾಡಿ ಶನಿವಾರವೇ ಬಂದಿತ್ತು ಎಂಬುದೂ ಆಗ ಹೊಳೆಯಿತು.

"ಶುಕ್ರವಾರ ಈ ಗಾಡಿಗೆ ಏನು ಮಾಡ್ತೀರಿ?" ಎಂದು ಕೇಳಿದೆ.

"ಏನೂ ಮಾಡಲ್ಲ ರಾಯರೇ. ಅಮ್ಮ ಪೂಜೆ ಮಾಡ್ತಾಳೆ, ಅಷ್ಟೆ."

ನಾನು ಅವನ ಪಕ್ಕದಲ್ಲೇ ಹತ್ತಿ ಕೂತು ತಿರುವೊಟ್ಟಿಯೂರಿಗೆ ಹೋದೆ. ಅವನ ತಾಯಿ ಕುಪ್ಪಮ್ಮಾಳ್ ಗುಡಿಯ ಬೀದಿಯ ಹಿಂದಿನ ಸಂದಿಯಲ್ಲಿ, ಮನೆ ಮುಂದೆ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು. ಎಪ್ಪತ್ತರ ಆಸುಪಾಸಿನ ಹೆಂಗಸು, ಹಣೆ ತುಂಬ ವಿಭೂತಿ. ಕೇಳಿದ್ದಕ್ಕೆ ಏನನ್ನೂ ಮುಚ್ಚಿಡಲಿಲ್ಲ. ಪ್ರತಿ ಶುಕ್ರವಾರ, ಅಮಾವಾಸ್ಯೆಗೆ, ವಿಭೂತಿಯನ್ನು ನೀರಲ್ಲಿ ಕಲಸಿ, ಮಗ ಕೂರುವ ಕಡೆಯ ಗಾಜಿಗೆ ಮೂರು ಬೆರಳಲ್ಲಿ ಮೂರು ಪಟ್ಟೆ ಎಳೆಯುವುದು. ನಡುವೆ ಕುಂಕುಮ. ಕರ್ಪೂರದ ಆರತಿ. ವಿಭೂತಿ ಒಣಗಿದ ಮೇಲೆ, ಮಗನಿಗೆ ರಸ್ತೆ ಕಾಣಬೇಕಲ್ಲ, ಒಣ ಬಟ್ಟೆಯಲ್ಲಿ ಚೆನ್ನಾಗಿ ತಿಕ್ಕಿ ಒರೆಸುವುದು. ವಿಭೂತಿಯ ಪೊಟ್ಟಣ ತೋರಿಸಿದರು. ಬೆರಳಲ್ಲಿ ಉಜ್ಜಿ ನೋಡಿದೆ. ಸಂತೆಯ ಪೊಟ್ಟಣ, ಬೂದಿಗಿಂತ ಸುಣ್ಣಕಲ್ಲಿನ ಪುಡಿ ಹೆಚ್ಚು. ನಮ್ಮ ನಾನೂರನೇ ನಂಬರಿನ ಪೇಪರಿಗೆ ಅಣ್ಣನಂತಿತ್ತು.

ಅಲ್ಲಿ ನಾನು ಸಮಾಧಾನವಾಗಿ ಮಾತಾಡಬೇಕಿತ್ತು. ಆದರೆ ಎರಡು ವಾರದ ಸಿಟ್ಟಿತ್ತು. "ನೋಡಿ ಅಮ್ಮಾ, ಇನ್ನು ಮೇಲೆ ಈ ಗಾಜಿಗೆ ವಿಭೂತಿ ಹಚ್ಚಕೂಡದು. ಗಾಜು ಹಾಳು ಮಾಡಿರೋದೇ ಈ ವಿಭೂತಿ," ಅಂದುಬಿಟ್ಟೆ.

ಆಕೆ ಮೊರ ಕೆಳಗಿಟ್ಟರು. ನನ್ನ ಹಣೆ ನೋಡಿದರು, ಕೆನ್ನೆಯ ಮುದ್ರೆ ನೋಡಿದರು. ಪಕ್ಕದ ಮನೆಯವರಿಗೆಲ್ಲ ಕೇಳುವ ಹಾಗೆ, "ಬನ್ರೋ, ನೋಡ್ರೋ! ನಾಮದವರು ಬಂದು ವಿಭೂತಿ ಹಚ್ಚಬೇಡ ಅಂತಿದ್ದಾರೆ! ಇಷ್ಟು ವರ್ಷ ನನ್ನ ಮಗನನ್ನು ಕಾದದ್ದು ಈ ವಿಭೂತಿ. ನಿಮ್ಮ ಪಾಲಿಶು ನಿಲ್ಲಲಿಲ್ಲ ಅಂತ ನನ್ನ ಈಶ್ವರನ ಮೇಲೆ ಹಾಕ್ತೀರಾ ರಾಯರೇ?" ಅಂದರು.

"ಅಮ್ಮಾ, ಸುಮ್ಮನಿರು," ಅಂದ ಷಣ್ಮುಗಂ.

"ನೀನು ಸುಮ್ಮನಿರೋ! ಅವರ ಗಾಡಿಗೆ ನಾಮ ಹಾಕಿದ್ರೆ ಗೀರು ಬೀಳಲ್ವೇನೋ, ಕೇಳು. ಅವರ ದೇವರ ಮಣ್ಣು ಬೆಣ್ಣೇಲಿ ಮಾಡಿದ್ದೋ?"

ನಾನು ಅಂದದ್ದು ಇಷ್ಟೇ: "ನಾಳೆ ನಮ್ಮ ಶೆಡ್ಡಿಗೆ ಬನ್ನಿ. ನಿಮ್ಮದೂ ತನ್ನಿ. ನಮ್ಮದೂ ತರ್ತೀನಿ. ನಿಮ್ಮ ಕಣ್ಣಲ್ಲೇ ನೋಡಿ."

ನಿಜ ಹೇಳುತ್ತೇನೆ, ನಾನು ಇದನ್ನು ಹೇಳಿದ್ದು ಗೆಲ್ಲುವ ಧೈರ್ಯದಿಂದ. ಗೋಪಿಚಂದನ ನುಣುಪಾದ ಜೇಡಿಮಣ್ಣು. ದಿನಾ ಮೈಗೆ ಹಚ್ಚುವುದು. ಅದು ಏನು ಗೀರೀತು?

ಭಾನುವಾರ ವರ್ಕ್‌ಶಾಪಿಗೆ ರಜೆ. ಖಾದರ್ ಭಾಯ್ ಮತ್ತು ನಾನು ಮಾತ್ರ ಬಂದಿದ್ದೆವು. ಕುಪ್ಪಮ್ಮಾಳ್ ವ್ಯಾನಿನಿಂದ ಪೊಟ್ಟಣ ಸಮೇತ ಇಳಿದರು. ಅದೇ ಅಕ್ರಿಲಿಕ್ಕಿನ ಒಂದು ತುಂಡನ್ನು ಬೆಂಚಿನ ಮೇಲಿಟ್ಟು, ಎಡ ಅರ್ಧಕ್ಕೆ ಅವರ ವಿಭೂತಿ, ಬಲ ಅರ್ಧಕ್ಕೆ ನಾನು ಮನೆಯಿಂದ ತಂದ ಗೋಪಿಚಂದನ ತೇಯ್ದು ಹಚ್ಚಿದೆವು. ಎರಡೂ ಒಣಗಿದವು. ಒಂದೇ ಬಟ್ಟೆಯಲ್ಲಿ, ಒಂದೇ ಕೈಯಲ್ಲಿ, ಖಾದರ್ ಭಾಯ್ ಎರಡನ್ನೂ ಹತ್ತು ಹತ್ತು ಸಲ ಒರೆಸಿದರು. ಆಮೇಲೆ ತೊಳೆದು ಬಿಸಿಲಿಗೆ ಎತ್ತಿ ಹಿಡಿದರು.

ಎಡಗಡೆ ಗೀರು ಇತ್ತು. ಬಲಗಡೆ ಅದಕ್ಕಿಂತ ಆಳವಾದ ಗೀರು ಇತ್ತು.

ನಾನು ಆ ತುಂಡನ್ನು ಕೈಗೆ ತೆಗೆದುಕೊಂಡು ತಿರುಗಿಸಿದೆ. ಎಡ ಬಲ ನಾನೇ ಮರೆತಿರಬಹುದು ಎಂದು ಕ್ಷಣಕಾಲ ಆಸೆಪಟ್ಟೆ. ಮರೆತಿರಲಿಲ್ಲ.

ಕುಪ್ಪಮ್ಮಾಳ್ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು. "ನಿಮ್ಮ ಪೆರುಮಾಳು ನಮ್ಮ ಈಶ್ವರನಿಗಿಂತ ಜೋರಾಗೇ ಪರಚ್ತಾನಲ್ಲ ರಾಯರೇ!"

"ಅದು ಬೂದಿ, ಇದು ಮಣ್ಣು," ಅಂದರು ಖಾದರ್ ಭಾಯ್, ಬಟ್ಟೆ ಮಡಿಸುತ್ತ. "ಉಜ್ಜೋ ಕೆಲಸ ಮಾತ್ರ ಮತ್ತೆ ನಂದೇ."

ನಾನೂ ನಕ್ಕೆ. ನಗದೆ ದಾರಿಯಿರಲಿಲ್ಲ. ಆಕೆ ಎದ್ದು ವ್ಯಾನಿನ ಮುಂದೆ ಹೋಗಿ, ಬಾನೆಟ್ಟಿನ ತಗಡು ತಟ್ಟಿ ನೋಡಿ, "ಇದು ಕಬ್ಬಿಣ ತಾನೇ? ಇನ್ನು ಮೇಲೆ ಇಲ್ಲಿ ಹಚ್ತೀನಿ. ಗಾಜಿನ ಮೇಲೇ ಹಚ್ಚು ಅಂತ ಈಶ್ವರ ಏನೂ ಹೇಳಿಲ್ಲ," ಅಂದರು. ನಾನು ಬಾಯಿಬಿಟ್ಟು ಕೇಳುವ ಮೊದಲೇ ಬಗೆಹರಿಯಿತು. ಹಿಂದಿನ ದಿನ ನಾನು ಸಂದಿಯಲ್ಲಿ ನಿಂತು ಕೊಟ್ಟ ಹುಕುಮು ನೆನಪಾಗಿ ನಾಚಿಕೆಯಾಯಿತು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಸೋಮವಾರ ಖಾದರ್ ಭಾಯ್ ಅದೇ ಜಾಗವನ್ನು ಮೂರನೇ ಸಲ ಉಜ್ಜಿ ಹೊಳಪು ತಂದರು. ಬುಧವಾರಕ್ಕೆ ಎಫ್.ಸಿ.ಯ ಗಡುವು. ಮಂಗಳವಾರ ಹತ್ತು ಗಂಟೆಗೆ ವ್ಯಾನನ್ನು ತಪಾಸಣೆಯ ಮೈದಾನಕ್ಕೆ ಒಯ್ದೆವು. ಕುಪ್ಪಮ್ಮಾಳ್ ಕೂಡ ಬಂದಿದ್ದರು. ಇನ್‌ಸ್ಪೆಕ್ಟರು ಬ್ರೇಕು ನೋಡಿದರು, ದೀಪ ನೋಡಿದರು, ಕೊನೆಗೆ ಡ್ರೈವರ ಸೀಟಿನಲ್ಲಿ ಕೂತು ಮುಂದೆ ನೋಡಿದರು. ತಲೆಯನ್ನು ಆ ಕಡೆ ಈ ಕಡೆ ಆಡಿಸಿದರು. ಮತ್ತೆ ನೋಡಿದರು.

"ಗೀರಿಲ್ಲ, ಒಪ್ತೀನಿ. ಆದ್ರೆ ಆ ದೀಪದ ಕಂಬ ಯಾಕ್ರೀ ಬಗ್ಗಿದೆ? ನೀವೇ ಬಂದು ನೋಡಿ."

ನಾನು ಕೂತು ನೋಡಿದೆ. ಕಂಬದ ನಡು ಸೊಟ್ಟಗಾಗಿತ್ತು. ತಲೆ ಸರಿಸಿದರೆ ಕಂಬ ಕುಣಿಯಿತು. ರಸ್ತೆಯಲ್ಲಿ ಬರುತ್ತಿದ್ದ ಸೈಕಲ್ಲು ಒಂದು ಕ್ಷಣ ಎರಡಾಗಿ ಮತ್ತೆ ಒಂದಾಯಿತು. ಏನಾಗಿದೆ ಎಂದು ತಕ್ಷಣ ತಿಳಿಯಿತು. ಪ್ರತಿ ಪಾಲಿಶೂ ಪ್ಲಾಸ್ಟಿಕ್‌ನ ಒಂದು ಪದರ ತಿನ್ನುತ್ತದೆ. ಮೂರು ಸಲ ಒಂದೇ ಜಾಗ ಉಜ್ಜಿಸಿ, ಅಲ್ಲಿ ತಟ್ಟೆಯಂಥ ತಗ್ಗು ಮಾಡಿಸಿದ್ದೆ. ಪೂರ್ತಿ ಹಾಳೆ ಮಾಡಬೇಕು ಎಂದು ಖಾದರ್ ಭಾಯ್ ಮೊದಲ ದಿನವೇ ಹೇಳಿದ್ದರು. ಈ ತಪ್ಪಿಗೆ ವಿಭೂತಿಯೂ ಇಲ್ಲ, ಕಡಲ ಗಾಳಿಯೂ ಇಲ್ಲ, ಸಹಿ ನನ್ನದೇ.

"ಮಕ್ಕಳ ಗಾಡಿ. ಇದಕ್ಕೆ ನಾನು ರುಜು ಹಾಕಲಾರೆ," ಅಂದರು ಇನ್‌ಸ್ಪೆಕ್ಟರು. "ನಾಳೆ ನಾನು ಊರಲ್ಲಿರಲ್ಲ. ಇವತ್ತು ನಾಲ್ಕು ಗಂಟೆಯೊಳಗೆ ಸರಿ ಮಾಡಿಕೊಂಡು ಬಂದ್ರೆ ನೋಡ್ತೀನಿ."

ಷಣ್ಮುಗಂ ವ್ಯಾನಿನ ಮೆಟ್ಟಿಲ ಮೇಲೆ ಕೂತು ಬೀಡಿ ಹಚ್ಚಿದ. ಕಡ್ಡಿ ಎರಡು ಸಲ ಆರಿತು. ಐದು ಗಂಟೆಯಲ್ಲಿ ಹೊಸ ಹಾಳೆ ಹುಡುಕಿ, ಅಳೆದು, ಕತ್ತರಿಸಿ ಕೂರಿಸುವುದು ಆಗದ ಮಾತು. ಇದ್ದ ಹಾಳೆಯನ್ನು ಪೂರ್ತಿ ಇಳಿಸಿ ಸಮ ಮಾಡುವುದಕ್ಕೆ ಎರಡು ದಿನ ಬೇಕು. ನಾನು ಸುಮ್ಮನೆ ವ್ಯಾನಿನ ಸುತ್ತ ತಿರುಗಿದೆ.

ಕುಪ್ಪಮ್ಮಾಳ್ ಮುಂಗಾಜಿನ ಎದುರು ನಿಂತು ಎಡಕ್ಕೂ ಬಲಕ್ಕೂ ನೋಡುತ್ತಿದ್ದರು.

"ರಾಯರೇ, ಈ ಕಡೇದು ಚೆನ್ನಾಗೇ ಇದೆಯಲ್ಲ?"

"ಅದು ಎಡಗಡೇದು ಅಮ್ಮಾ. ಅದನ್ನ ಯಾರು ಕೇಳಿದ್ರು?"

"ಅಲ್ಲ, ಸೀರೆ ಒಂದು ಕಡೆ ಸವೆದ್ರೆ ಸೆರಗಿನ ಕಡೆ ಒಳಗೆ ಹೋಗೋ ಹಾಗೆ ತಿರುವಿ ಉಡ್ತೀವಿ. ಇದನ್ನ ಹಾಗೆ ತಿರುವಬಾರದಾ?"

ನಾನು ಬಾಯಿ ತೆರೆದೆ, ಆಗದು ಎನ್ನಲು. ಬಲಗಡೆಯ ಹಾಳೆಯ ಹೊರ ಅಂಚು ಒಂದು ಕಡೆಗೆ ಓರೆ, ಎಡಗಡೆಯದು ಇನ್ನೊಂದು ಕಡೆಗೆ. ಆದರೆ ಎರಡೂ ಚಪ್ಪಟೆ. ಎಡಗಡೆಯದನ್ನು ಒಳಮೈ ಹೊರಗೆ ಬರುವಂತೆ ಮಗುಚಿದರೆ ಅದರ ಓರೆ ಸರಿಯಾಗಿ ಬಲಗಡೆಯ ಓರೆಯಾಗುತ್ತದೆ. ಒಂದು ಕಾಗದದ ಮೇಲೆ ಬರೆದು, ಮಗುಚಿ, ಬೆಳಕಿಗೆ ಹಿಡಿದು ನೋಡಿದೆ. ಹೌದು. ಅದೂ ಅಲ್ಲದೆ, ಆ ಒಳಮೈಗೆ ಇದುವರೆಗೆ ಗಾಳಿಯ ಮರಳೂ ತಾಗಿಲ್ಲ, ಬಟ್ಟೆಯೂ ತಾಗಿಲ್ಲ. ಕೈಲಿ ಬೆಣ್ಣೆ ಇಟ್ಟುಕೊಂಡು ಮೂರು ವಾರ ತುಪ್ಪಕ್ಕೆ ಅಲೆದವನು ನಾನು. ಮೊದಲ ದಿನ ಎರಡು ಹಾಳೆಯನ್ನು ಪಕ್ಕಪಕ್ಕ ನೋಡಿದ್ದರೆ ಅರ್ಧ ದಿನದ ಕೆಲಸ.

ವರ್ಕ್‌ಶಾಪಿಗೆ ಮರಳುವಾಗ ಹನ್ನೊಂದೂವರೆ. "ಅದೇ ಗಾಡಿ ಮತ್ತೆ?" ಎಂದು ನಾಯ್ಡು ಎದ್ದು ಬಂದರು. "ನಾಳೆ ಬೆಳಗ್ಗೆ ಎಷ್ಟು ಬೇಕಾದ್ರೂ ಬೈಯಿರಿ ಸಾರ್, ಈಗ ಬಿಟ್ಟುಬಿಡಿ," ಅಂದೆ. ನನ್ನ ಮುಖ ನೋಡಿ ಅವರು ದಾರಿ ಬಿಟ್ಟರು. ಅಂಚಿನ ರಬ್ಬರ್ ಬೀಡಿಂಗು ಬಿಸಿಲಿಗೆ ಒಣಗಿ ಕಡ್ಡಿಯಾಗಿತ್ತು. ಎಳೆದರೆ ತುಂಡಾಗುತ್ತದೆ, ಜೋರು ಮಾಡಿದರೆ ಸ್ಕ್ರೂ ತೂತಿನಿಂದ ಹಾಳೆಯೇ ಸೀಳುತ್ತದೆ. ಖಾದರ್ ಭಾಯ್ ಬೀಡಿಂಗಿಗೆ ಸೋಪಿನ ನೀರು ಕುಡಿಸುತ್ತ, ಚರ್ಮ ಸುಲಿದಂತೆ ಇಂಚಿಂಚು ಬಿಡಿಸಿದರು. ನಾನು ಹಾಳೆಯನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದೆ. ಎಡದ ಹಾಳೆ ಮಗುಚಿ ಬಲಕ್ಕೆ ಬಂತು. ಒಂದು ಮೂಲೆ ಕೂರಲಿಲ್ಲ, ಅರದಲ್ಲಿ ಎರಡೆಳೆ ತೆಗೆದ ಮೇಲೆ ಕೂತಿತು. ತಗ್ಗು ಬಿದ್ದ ಬಲದ ಹಾಳೆ ಎಡಕ್ಕೆ ಹೋಯಿತು.

ಮೂರೂಮುಕ್ಕಾಲಿಗೆ ಮತ್ತೆ ಮೈದಾನದಲ್ಲಿದ್ದೆವು. ಇನ್‌ಸ್ಪೆಕ್ಟರು ಡ್ರೈವರ ಸೀಟಿನಲ್ಲಿ ಕೂತು ಬಹಳ ಹೊತ್ತು ನೋಡಿದರು. ಕಂಬ ನೆಟ್ಟಗಿತ್ತು. ಆಮೇಲೆ ಎಡಗಡೆಗೆ ಸರಿದು ನೋಡಿ, "ಓಹೋ, ಕುಣಿಯೋ ಕಂಬ ಇಲ್ಲಿಗೆ ಬಂತೋ? ಇಲ್ಲಿ ಯಾರು ಕೂರ್ತಾರೆ?" ಅಂದರು.

"ನಮ್ಮಮ್ಮ ಸಾರ್. ಮಕ್ಕಳನ್ನ ಹತ್ತಿಸಿ ಇಳಿಸೋದು ಅವಳೇ."

"ನಿಮಗೆ ರಸ್ತೆ ಕುಣಿದ್ರೆ ಪರವಾಗಿಲ್ವೇನಮ್ಮ?"

"ಎಪ್ಪತ್ತು ವರ್ಷದಿಂದ ಕುಣೀತಾನೇ ಇದೆ ಸಾಮಿ," ಅಂದರು ಕುಪ್ಪಮ್ಮಾಳ್.

ಇನ್‌ಸ್ಪೆಕ್ಟರು ನಗುತ್ತ ರುಜು ಹಾಕಿದರು.

ಮರುದಿನ ನಾಯ್ಡು ನಾನು ಕೇಳಿಕೊಂಡಂತೆಯೇ ಬೈದರು, ಪೂರ್ತಿ ಕೇಳಿಸಿಕೊಂಡೆ. ಮೂವತ್ತು ವರ್ಷಕ್ಕೂ ಮೀರಿ ಆ ವೃತ್ತಿಯಲ್ಲಿ ಇದ್ದೆ. ಆಮೇಲೆ ಯಾವ ಗಾಡಿಯ ಯಾವ ಪ್ಲಾಸ್ಟಿಕ್ ಭಾಗ ಮಬ್ಬಾಗಿ ಬಂದರೂ, ದೀಪದ ಮುಚ್ಚಳವಾಗಲಿ, ಸ್ಕೂಟರಿನ ಮುಂಗಾಜಾಗಲಿ, ಪಾಲಿಶಿನ ಡಬ್ಬಿ ತೆಗೆಯುವ ಮೊದಲು ಕೇಳುತ್ತಿದ್ದೆ: ಇದನ್ನು ಮನೆಯಲ್ಲಿ ಒರೆಸುವವರು ಯಾರು, ಯಾವಾಗ, ಯಾವುದರಿಂದ? ಆ ಪ್ರಶ್ನೆಯನ್ನು ಜಾಬ್ ಕಾರ್ಡಿನಲ್ಲೇ ಅಚ್ಚು ಹಾಕಿಸಲು ಎರಡು ಸಲ ಅರ್ಜಿ ಕೊಟ್ಟೆ. ಕಂಪನಿ ಎರಡು ಸಲವೂ ಒಪ್ಪಲಿಲ್ಲ. ಕೈಯಲ್ಲೇ ಬರೆಯುತ್ತಿದ್ದೆ. ಇನ್ನೊಂದು ಪಾಠ ಕಾರ್ಡಿನಲ್ಲಿ ಬರೆಯುವಂಥದ್ದಲ್ಲ. ಉಜ್ಜುವವನು ಪೂರ್ತಿ ಮಾಡಬೇಕು ಎಂದರೆ, ಪೂರ್ತಿ ಮಾಡಲು ಬಿಡಬೇಕು.

ಮುಂದಿನ ವರ್ಷ ನಾವು ತಿರುವಲ್ಲಿಕ್ಕೇಣಿಯ ಮನೆ ಬಿಟ್ಟು, ನನ್ನ ಕೆಲಸಕ್ಕೆ ಹತ್ತಿರವಾಗಲೆಂದು ತಿರುವೊಟ್ಟಿಯೂರು ರಸ್ತೆಯಲ್ಲಿ ಬಾಡಿಗೆಗೆ ಬಂದೆವು. ಜೂನ್ ತಿಂಗಳಲ್ಲಿ ಮಗಳು ವಾಸಂತಿಯನ್ನು ಒಂದನೇ ಕ್ಲಾಸಿಗೆ ಸೇರಿಸಿದೆವು. ಮೊದಲ ದಿನ ಎಂಟು ಗಂಟೆಗೆ ಬಾಗಿಲಲ್ಲಿ ವ್ಯಾನು ನಿಂತಿತು. ಕುಪ್ಪಮ್ಮಾಳ್ ಇಳಿದು ಬಂದು ಅವಳ ಕೈ ಹಿಡಿದು ಹತ್ತಿಸಿಕೊಂಡರು. ಷಣ್ಮುಗಂ ನನಗೆ ತಲೆಯಾಡಿಸಿ, ಗೇರು ಹಾಕಿ, ವ್ಯಾನು ಬಿಟ್ಟ.